ಹೊಲದ ಬದುವಿನ ಬುರುಡೆ ಯಾರ ಸ್ವತ್ತು?

2024ನೆಯ ಇಸವಿಯ ಫೆಬ್ರವರಿ ತಿಂಗಳ ಒಂದು ಸೋಮವಾರ ಮಧ್ಯಾಹ್ನ ನಮ್ಮ ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಭೌತಶಾಸ್ತ್ರದ ಪ್ರಯೋಗಶಾಲೆಗೆ ಒಂದು ಗೋಣಿಚೀಲವನ್ನು ಹೊತ್ತು ತಂದನು. ಅವನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ನಾರಾಯಣದುರ್ಗದ ಮಗ್ಗುಲಿನದು. ಚೀಲವನ್ನು ಬಿಚ್ಚಿ ಅವನು ಮೇಜಿನ ಮೇಲೆ ಎರಡು ವಸ್ತುಗಳನ್ನಿಟ್ಟನು. ಒಂದು, ಹಿಂದಿನ ದಿನದ ಸಂಜೆ ತಮ್ಮ ಹುರುಳಿ ಹೊಲದ ಬದುವಿನಲ್ಲಿ ಸಿಕ್ಕಿದ, ಬಿಸಿಲಿಗೆ ಬೆಳ್ಳಗಾಗಿದ್ದ ಒಂದು ಪ್ರಾಣಿಯ ತಲೆಬುರುಡೆ. ಇನ್ನೊಂದು, ಅವನ ಅಜ್ಜಿಯ ಮನೆಯ ನಡುಮನೆಯ ಗೋಡೆಯಲ್ಲಿ ಹತ್ತಾರು ವರ್ಷಗಳಿಂದ ಬಟ್ಟೆಯ ಗೂಟವಾಗಿ ನಿಂತಿದ್ದ, ಮೂರು ಕವಲುಗಳ ಜಿಂಕೆಯ ಕೊಂಬು. “ಸಾರ್, ಇದರ ಸಾಂದ್ರತೆ ಕಂಡುಹಿಡಿಯೋಣವೆ?” ಎಂದು ಅವನು ಕೇಳಿದನು. ಆರ್ಕಿಮಿಡೀಸನ ತತ್ತ್ವವನ್ನು ಹಿಂದಿನ ವಾರವಷ್ಟೇ ಪಾಠ ಮಾಡಿದ್ದೆವು. ಪಾಠವನ್ನು ಕೇಳಿದ ವಿದ್ಯಾರ್ಥಿ ತಾನಾಗಿ ವಸ್ತುವನ್ನು ಹುಡುಕಿ ತಂದರೆ ಅಧ್ಯಾಪಕನಿಗೆ ಆಗುವ ಸಂತೋಷವನ್ನು ಹೇಳಬೇಕಾಗಿಲ್ಲ. ನಾವು ಹಿಂದುಮುಂದು ನೋಡದೆ ತಕ್ಕಡಿಯನ್ನು ಹೊಂದಿಸಿದೆವು.

ಗಾಳಿಯಲ್ಲಿ ಕೊಂಬಿನ ತೂಕ 640 ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 240 ಗ್ರಾಂ. ಕಳೆದುಹೋದ ತೂಕ 400 ಗ್ರಾಂ; ಎಂದರೆ ಕೊಂಬು 400 ಘನ ಸೆಂಟಿಮೀಟರು ನೀರನ್ನು ಪಕ್ಕಕ್ಕೆ ಸರಿಸಿತು. 640ನ್ನು 400ರಿಂದ ಭಾಗಿಸಿದರೆ ಸಾಂದ್ರತೆ 1.6. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಕೊಂಬಿನ ಬುಡದಿಂದ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ತಕ್ಕಡಿಯ ಮುಳ್ಳು ನಿಲ್ಲದೆ ಸರಿಯತೊಡಗಿತು. ಹತ್ತು ನಿಮಿಷಗಳಾದ ಮೇಲೆ ನೀರಿನಲ್ಲಿ ತೂಕ 262 ಗ್ರಾಂ ಆಗಿತ್ತು. ಲೆಕ್ಕ ಹಾಕಿದರೆ ಸಾಂದ್ರತೆ 1.69ಕ್ಕೆ ಏರಿತ್ತು! ಕೊಂಬೇನೂ ಬದಲಾಗಿರಲಿಲ್ಲ. ಅದರ ಒಳಗಿನ ಜೇನುಗೂಡಿನಂತಹ ರಂಧ್ರಗಳಿಗೆ ನೀರು ನುಗ್ಗಿ, ಅಲ್ಲಿದ್ದ ಗಾಳಿಯನ್ನು ಹೊರದೂಡುತ್ತಿತ್ತು. ಹೊರಗಿನ ಗಟ್ಟಿ ಪದರ ಬೇರೆ, ಒಳಗಿನ ತಿರುಳು ಬೇರೆ ಎಂಬುದನ್ನು ಆ ಗುಳ್ಳೆಗಳೇ ತೋರಿಸಿಕೊಟ್ಟವು.

ಈ ಸಂಭ್ರಮದ ನಡುವೆ ಪ್ರಾಣಿಶಾಸ್ತ್ರ ವಿಭಾಗದ ಹಿರಿಯ ಸಹೋದ್ಯೋಗಿಗಳೊಬ್ಬರು ಒಳಗೆ ಬಂದರು. ಮೇಜನ್ನು ನೋಡಿದರು, ನಮ್ಮ ಮುಖವನ್ನು ನೋಡಿದರು. “ಏನ್ರೀ ಇದು? ಇದು ಯಾರ ಸ್ವತ್ತು ಗೊತ್ತೆ?” ಎಂದರು. “ಈ ಹುಡುಗನದು” ಎಂದೆವು. “ಅಲ್ಲ, ಸರ್ಕಾರದ್ದು. ಬುರುಡೆ ಸಿಕ್ಕಿ ಎಷ್ಟು ಹೊತ್ತಾಯಿತು?” ಹಿಂದಿನ ದಿನದ ಸಂಜೆ ಸುಮಾರು 5 ಗಂಟೆಗೆ ಸಿಕ್ಕಿತೆಂದು ವಿದ್ಯಾರ್ಥಿ ಹೇಳಿದನು. ಅವರು ಗೋಡೆಯ ಗಡಿಯಾರದತ್ತ ನೋಡಿ, “ಹಾಗಾದರೆ ನಾಳೆ ಸಂಜೆ 5 ಗಂಟೆಯವರೆಗೆ ಕಾಲವಿದೆ” ಎಂದರು.

ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು ಹತ್ತು ವರ್ಷ ಪಾಠ ಹೇಳಿದ ನಮಗೆ ಆ ಮಾತಿನ ಅರ್ಥ ಆಗ ತಿಳಿಯಲಿಲ್ಲವೆಂದು ಒಪ್ಪಿಕೊಳ್ಳುವುದರಲ್ಲಿ ಸಂಕೋಚವಿಲ್ಲ. ಆ ರಾತ್ರಿ ಕುಳಿತು ಕಾಯಿದೆಯನ್ನು ಓದಿದೆವು. ನಮ್ಮ ವಾಚಕರಲ್ಲಿ ಹಲವರ ಮನೆಗಳಲ್ಲಿಯೂ ಇಂತಹ ಗೂಟಗಳಿರಬಹುದು. ಬೆಟ್ಟ ಹತ್ತುವಾಗ ಇಂತಹ ಬುರುಡೆಗಳು ಕಣ್ಣಿಗೆ ಬಿದ್ದಿರಬಹುದು. ಆದುದರಿಂದ ನಾವು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಾಯಿದೆ ಹೇಳುವುದೇನು?

ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆ 1972ನೆಯ ಇಸವಿಯದು. ಬೇಟೆಯಾಡಬಾರದೆಂಬ ಅದರ ವಿಧಿಯನ್ನು ಎಲ್ಲರೂ ಬಲ್ಲರು. ಆದರೆ ಬೇಟೆಯಾಡದೆ, ಬರಿದೆ ಬಗ್ಗಿ ಎತ್ತಿಕೊಂಡವನ ವಿಷಯದಲ್ಲಿ ಅದು ಏನು ಹೇಳುತ್ತದೆಂಬುದನ್ನು ಬಲ್ಲವರು ಕಡಿಮೆ. ಕಾಡುಪ್ರಾಣಿಯ ಇಡೀ ದೇಹವಾಗಲಿ ಅದರ ಯಾವುದೇ ಭಾಗವಾಗಲಿ, ಕೆಡದಂತೆ ಉಳಿದಿದ್ದರೆ ಅಥವಾ ಉಳಿಸಲ್ಪಟ್ಟಿದ್ದರೆ ಕಾಯಿದೆ ಅದನ್ನು ಒಂದೇ ಹೆಸರಿನಿಂದ ಕರೆಯುತ್ತದೆ; ಇಂಗ್ಲಿಷಿನಲ್ಲಿ ಟ್ರೋಫಿ ಎಂದು. ಆಟದಲ್ಲಿ ಗೆದ್ದವರಿಗೆ ಕೊಡುವ ಬಟ್ಟಲಿಗೂ ಇದೇ ಹೆಸರು. ಬೇಟೆಗಾರರು ತಮ್ಮ ಗೆಲುವಿನ ಗುರುತಾಗಿ ಗೋಡೆಗೆ ತೂಗುಹಾಕುತ್ತಿದ್ದ ತಲೆಗಳಿಗೂ ಇದೇ ಹೆಸರು. ಕಾಯಿದೆಯಲ್ಲಾದರೋ ಗೆಲುವಿಗೂ ಅದಕ್ಕೂ ಸಂಬಂಧವಿಲ್ಲ. ಕೊಂಬು, ಮೂಳೆ, ಚಿಪ್ಪು, ಕೂದಲು, ಗರಿ, ಉಗುರು, ಹಲ್ಲು, ದಂತ, ಕಸ್ತೂರಿ, ಮೊಟ್ಟೆ, ಗೂಡು ಎಲ್ಲವೂ ಆ ಪಟ್ಟಿಯಲ್ಲಿವೆ. “ಕೃತಕವಾಗಿಯಾಗಲಿ ಸ್ವಾಭಾವಿಕವಾಗಿಯಾಗಲಿ” ಉಳಿದುದು ಎಂಬರ್ಥದ ಮಾತು ಅಲ್ಲಿರುವುದರಿಂದ, ಬಿಸಿಲಿಗೆ ತಾನಾಗಿ ಒಣಗಿದ ಬುರುಡೆಯೂ ಅದರೊಳಗೇ ಬರುತ್ತದೆ.

ಕಾಯಿದೆಯ 39ನೆಯ ವಿಧಿಯೇ ನಮ್ಮ ಸಹೋದ್ಯೋಗಿಗಳು ಗಡಿಯಾರ ನೋಡಿದುದಕ್ಕೆ ಕಾರಣ. ಸತ್ತು ಬಿದ್ದಿರುವ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ಹೊಲದಲ್ಲಿ ಬಿದ್ದಿತ್ತೆಂಬುದು ಲೆಕ್ಕಕ್ಕಿಲ್ಲ. ಅದು ಹೇಗಾದರೂ ನಮ್ಮ ಕೈಗೆ ಬಂದರೆ 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಯ ಅಧಿಕಾರಿಗೋ ವರದಿ ಮಾಡಬೇಕು, ಕೇಳಿದರೆ ಒಪ್ಪಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಇಟ್ಟುಕೊಳ್ಳಕೂಡದು, ಮಾರಕೂಡದು, ಕೊಡಕೂಡದು, ಹಾಳುಮಾಡಲೂ ಕೂಡದು. ಹೆದರಿ ಬಾವಿಗೆ ಎಸೆದರೂ ತಪ್ಪು ತಪ್ಪೇ ಎಂದಾಯಿತು.

ಇದಕ್ಕಿಂತ ಕಠಿನವಾದುದು 57ನೆಯ ವಿಧಿ. ಸಾಮಾನ್ಯ ಮೊಕದ್ದಮೆಗಳಲ್ಲಿ ತಪ್ಪನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದು. ಇಲ್ಲಿ ಹಾಗಲ್ಲ. ವಸ್ತು ನಿಮ್ಮ ವಶದಲ್ಲಿದೆಯೆಂದು ತೋರಿಬಂದರೆ, ವ್ಯತಿರಿಕ್ತವಾಗಿ ಸಿದ್ಧವಾಗುವವರೆಗೆ, ಅದು ಅಕ್ರಮವೆಂದೇ ಭಾವಿಸಲಾಗುವುದು. ಸಕ್ರಮವೆಂದು ತೋರಿಸುವ ಭಾರ ನಿಮ್ಮದು. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ ಸಾಮಾನ್ಯ ಅಪರಾಧಕ್ಕೆ 3 ವರ್ಷಗಳವರೆಗೆ ಸೆರೆಮನೆ, ಇಲ್ಲವೆ 1 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ಹುಲಿ, ಚಿರತೆ, ಆನೆ ಮೊದಲಾದ ಮೊದಲನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ 3 ವರ್ಷಗಳಿಗೆ ಕಡಿಮೆಯಿಲ್ಲದಂತೆ 7 ವರ್ಷಗಳವರೆಗೆ ಸೆರೆಮನೆ ಮತ್ತು 25,000 ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ.

ಇಷ್ಟು ಬಿಗಿ ಏಕೆ? ನಮಗೂ ಮೊದಲು ಇದು ಅತಿಯೆನಿಸಿತು. ದಾರಿಯಲ್ಲಿ ಬಿದ್ದ ಮೂಳೆಯನ್ನು ಎತ್ತಿಕೊಂಡ ಹುಡುಗನಿಗೂ ಹುಲಿಯನ್ನು ಕೊಂದವನಿಗೂ ಒಂದೇ ಪುಸ್ತಕವೇ? ಆದರೆ ನ್ಯಾಯಾಧೀಶರ ಮುಂದಿನ ಮೇಜಿನ ಮೇಲೆ ಒಂದು ಬುರುಡೆಯನ್ನಿಟ್ಟರೆ, ಪ್ರಾಣಿ ಮುದಿಯಾಗಿ ಸತ್ತಿತೋ ಉರುಳಿಗೆ ಸಿಕ್ಕಿ ಸತ್ತಿತೋ ಎಂದು ಆ ಬುರುಡೆ ಹೇಳಲಾರದು. “ಬಿದ್ದು ಸಿಕ್ಕಿತು” ಎಂಬ ಒಂದೇ ಮಾತಿಗೆ ಬಾಗಿಲು ತೆರೆದರೆ ಕೊಂದವರೆಲ್ಲರೂ ಆ ಬಾಗಿಲಿನಿಂದಲೇ ಹೊರಟುಹೋಗುವರು.

ಈ ನಾಲ್ಕು ತಾಲ್ಲೂಕುಗಳಲ್ಲಿ ಇಂತಹ ವಸ್ತುಗಳೇನು ಸಿಕ್ಕೀತು ಎಂದು ಕೆಲವರು ಕೇಳಬಹುದು. ಕಬ್ಬು ಬತ್ತಗಳ ಸೀಮೆಯೆಂದೇ ಇದರ ಹೆಸರು. ಆದರೂ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟಗಳೂ ಕೃಷ್ಣರಾಜಪೇಟೆಯ ನಾರಾಯಣದುರ್ಗವೂ ಸೇರಿ ಸುಮಾರು 50 ಚದರ ಕಿಲೋಮೀಟರುಗಳ ವನ್ಯಜೀವಿಧಾಮವಾಗಿ 1974ರಿಂದ ರಕ್ಷಿತವಾಗಿವೆ. ಅದು ಮುಖ್ಯವಾಗಿ ತೋಳಗಳಿಗಾಗಿ ಏರ್ಪಟ್ಟುದು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದ ನವಿಲುಧಾಮವಿದೆ. ಅದರ ವಿಸ್ತಾರ ಒಂದು ಚದರ ಕಿಲೋಮೀಟರಿಗಿಂತಲೂ ಕಡಿಮೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿಯೇ, ಸಲೀಂ ಅಲಿಯವರ ಸಲಹೆಯಿಂದ, ಪಕ್ಷಿಧಾಮವಾಯಿತು. ಚಿರತೆಗಂತೂ ಈಗ ಕಬ್ಬಿನ ಗದ್ದೆಯೇ ಕಾಡು. ಗರಿ, ಮೊಟ್ಟೆ, ಮುಳ್ಳುಹಂದಿಯ ಮುಳ್ಳು, ನರಿಯ ಬುರುಡೆ ಇವು ಯಾವ ದಿನ ಯಾರ ಕಾಲಿಗಾದರೂ ಎಡವಬಹುದು. ಧಾಮದ ಗಡಿಯೊಳಗಾದರೆ ವಿಷಯ ಇನ್ನೂ ಸರಳ: ಅಲ್ಲಿಂದ ಏನನ್ನೂ ಹೊರಕ್ಕೆ ತರುವಂತಿಲ್ಲ.

ಒಂದು ವಿನಾಯಿತಿಯನ್ನು ಮಾತ್ರ ಹೇಳಬೇಕು. ನವಿಲಿನ ಬಾಲದ ಗರಿ ಪ್ರತಿ ವರ್ಷವೂ ಮಳೆಗಾಲ ಕಳೆದ ಮೇಲೆ ತಾನಾಗಿ ಉದುರುತ್ತದೆ. ದೇವರ ಉತ್ಸವಗಳಲ್ಲಿಯೂ ಮನೆಗಳಲ್ಲಿಯೂ ಅದು ಬಳಕೆಯಲ್ಲಿರುವುದನ್ನು ಕಾಯಿದೆ ಮನಗಂಡು, ಬಾಲದ ಗರಿಯ ಕೊಡುಕೊಳ್ಳುವಿಕೆಯನ್ನು ನಿಷೇಧದಿಂದ ಹೊರಗಿಟ್ಟಿದೆ. ಹೊರದೇಶಕ್ಕೆ ಕಳುಹಿಸುವುದು ಮಾತ್ರ ನಿಷಿದ್ಧ. ಕಿತ್ತ ಗರಿಗೂ ಉದುರಿದ ಗರಿಗೂ ವ್ಯತ್ಯಾಸ ಅದರ ಬುಡದಲ್ಲಿದೆ: ಉದುರಿದುದರ ಬುಡ ಒಣಗಿ ಚೊಕ್ಕಟವಾಗಿರುತ್ತದೆ, ಕಿತ್ತುದರ ಬುಡದಲ್ಲಿ ರಕ್ತದ, ಮಾಂಸದ ಕುರುಹು ಉಳಿದಿರಬಹುದು.

ಕೊಂಬಿನ ಬುಡದ ಸಾಕ್ಷ್ಯ

ಗರಿಯಂತೆ ಜಿಂಕೆಯ ಕೊಂಬೂ ಉದುರುವ ವಸ್ತುವೇ ಅಲ್ಲವೆ? ಇಲ್ಲಿ ನಮ್ಮ ಭಾಷೆ ಸ್ವಲ್ಪ ತೊಡಕನ್ನುಂಟುಮಾಡುತ್ತದೆ. ಹಸುವಿನದೂ ಕೊಂಬು, ಕೃಷ್ಣಮೃಗದ್ದೂ ಕೊಂಬು, ಜಿಂಕೆ ಕಡವೆಗಳದೂ ಕೊಂಬು. ಆದರೆ ಇವು ಎರಡು ಬೇರೆ ಬೇರೆ ಸೃಷ್ಟಿಗಳು. ಹಸು, ಕಾಟಿ, ಕೃಷ್ಣಮೃಗಗಳ ಕೊಂಬು ಟೊಳ್ಳುಗೊಂಬು: ಒಳಗೆ ತಲೆಯ ಮೂಳೆಯ ಗೂಟ, ಹೊರಗೆ ನಮ್ಮ ಉಗುರಿನ ಜಾತಿಯ ವಸ್ತುವಿನ ಒರೆ. ಅದು ಜೀವವಿರುವವರೆಗೆ ಬೆಳೆಯುತ್ತದೆ, ಕಳಚುವುದಿಲ್ಲ. ಜಿಂಕೆ ಕಡವೆಗಳದು ಕವಲುಗೊಂಬು: ಅದು ಅಪ್ಪಟ ಮೂಳೆ. ಗಂಡಿನ ತಲೆಯ ಮೇಲೆ ಮಖಮಲ್ಲಿನಂತಹ ಚರ್ಮವನ್ನು ಹೊದ್ದು, ರಕ್ತನಾಳಗಳಿಂದ ಪೋಷಿತವಾಗಿ ಕೆಲವೇ ತಿಂಗಳುಗಳಲ್ಲಿ ಬೆಳೆಯುತ್ತದೆ. ದೊಡ್ಡ ಜಾತಿಯ ಜಿಂಕೆಗಳಲ್ಲಿ ದಿನಕ್ಕೆ 2 ಸೆಂಟಿಮೀಟರಿಗೂ ಮೀರಿ ಬೆಳೆಯುವುದುಂಟು; ಸಸ್ತನಿಗಳಲ್ಲಿ ಇಷ್ಟು ವೇಗವಾಗಿ ಬೆಳೆಯುವ ಮೂಳೆ ಮತ್ತೊಂದಿಲ್ಲ. ಬೆಳೆದು ಮುಗಿದ ಮೇಲೆ ಚರ್ಮ ಒಣಗಿ ಸುಲಿದುಹೋಗುತ್ತದೆ. ಕಾದಾಟದ ಋತು ಕಳೆದು ಗಂಡುತನದ ಸ್ರಾವ ಕಡಿಮೆಯಾದಾಗ, ಮೂಳೆಯನ್ನು ಕರಗಿಸುವ ಕೋಶಗಳು ಕೊಂಬಿನ ಬುಡದಲ್ಲಿ ಒಂದು ತೆಳು ಪದರವನ್ನು ತಿಂದುಹಾಕುತ್ತವೆ. ಕೊಂಬು ಕಳಚಿ ಬೀಳುತ್ತದೆ. ಗಾಯ ಮಾಯ್ದು ಮತ್ತೆ ಹೊಸದು ಮೊಳೆಯುತ್ತದೆ.

ಇದರಿಂದ ಒಂದು ಮುಖ್ಯ ತೀರ್ಮಾನ ಹೊರಡುತ್ತದೆ. ಹೊಲದಲ್ಲಿ ಕೃಷ್ಣಮೃಗದ ಕೊಂಬು ಸಿಕ್ಕಿದರೆ ಆ ಪ್ರಾಣಿ ಸತ್ತಿದೆಯೆಂದೇ ಅರ್ಥ. ಜಿಂಕೆಯ ಕೊಂಬು ಸಿಕ್ಕಿದರೆ ಅದರ ಒಡೆಯ ಇನ್ನೂ ಎಲ್ಲಿಯೋ ಮೇಯುತ್ತಿರಬಹುದು. ಯಾವುದೆಂಬುದನ್ನು ಬುಡವೇ ಹೇಳುತ್ತದೆ. ತಾನಾಗಿ ಕಳಚಿದುದರಲ್ಲಿ ಬಳೆಯಂತಹ ಒರಟು ಅಂಚಿನ ಕೆಳಗೆ ಏನೂ ಇರುವುದಿಲ್ಲ. ಅಡಿ ಸ್ವಲ್ಪ ಉಬ್ಬಿ ತರಿತರಿಯಾಗಿರುತ್ತದೆ. ಕೊಂದ ಪ್ರಾಣಿಯಿಂದ ತೆಗೆದುದರಲ್ಲಿ ಆ ಬಳೆಯ ಕೆಳಗೆ ತಲೆಯ ಮೂಳೆಯ ದಿಂಡು ಉಳಿದಿರುತ್ತದೆ.

ಮೇಜಿನ ಮೇಲಿದ್ದ ಕೊಂಬನ್ನು ನಮ್ಮ ಸಹೋದ್ಯೋಗಿಗಳು ತಿರುಗಿಸಿ ಹಿಡಿದರು. ವಿದ್ಯಾರ್ಥಿಯ ಮನೆಯಲ್ಲಿ ನಡೆದುಬಂದ ಕಥೆ ಹೀಗೆ: 1960ರ ಸುಮಾರಿನಲ್ಲಿ ಅವನ ಅಜ್ಜ ಗಾಡಿ ಹೊಡೆದುಕೊಂಡು ಬಂಡೀಪುರದ ಕಡೆಗೆ ಹೋಗಿದ್ದಾಗ, ಕಾಡುದಾರಿಯಲ್ಲಿ ಉದುರಿ ಬಿದ್ದಿದ್ದ ಕೊಂಬನ್ನು ಎತ್ತಿ ತಂದರು. ಕೊಂಬಿನ ಬುಡದಲ್ಲಾದರೋ, ಬಳೆಯ ಕೆಳಗೆ, ಎರಡು ಬೆರಳಗಲ ಮೂಳೆಯ ದಿಂಡು ಇತ್ತು. ಅದರ ತುದಿ ಗರಗಸದಲ್ಲಿ ಕೊಯ್ದಂತೆ ನುಣ್ಣಗಿತ್ತು. ಯಾರೂ ಏನೂ ಹೇಳಲಿಲ್ಲ. ಹುಡುಗನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ತಾತ ಯಾರಿಂದಲೋ ಕೊಂಡುತಂದಿರಬಹುದು ಸಾರ್” ಎಂದನು. ಇರಬಹುದು. ಆಗ ಅದು ಯಾರಿಗೂ ವಿಶೇಷವಾಗಿ ಕಾಣುತ್ತಿರಲಿಲ್ಲ. ನಮ್ಮ ಮೈಸೂರಿನಲ್ಲಿಯೇ ವಾನ್ ಇಂಗೆನ್ ಮನೆತನದವರ ಕಾರ್ಖಾನೆಯಲ್ಲಿ ಬೇಟೆಯ ಹುಲಿ ಚಿರತೆಗಳಿಗೆ ಹುಲ್ಲು ತುಂಬಿ ಜೀವಕಳೆ ಕೊಡುವ ಕೆಲಸ 1999ರಲ್ಲಿ ಬಾಗಿಲು ಮುಚ್ಚುವವರೆಗೆ ಸುಮಾರು ಒಂದು ಶತಮಾನ ಕಾಲ ನಡೆಯಿತು.

ಹಾಗಾದರೆ ನಿಜವಾಗಿಯೂ ಉದುರಿದ ಕೊಂಬನ್ನು ಇಟ್ಟುಕೊಳ್ಳಬಹುದೆ? 39ನೆಯ ವಿಧಿಯು ಮುಖ್ಯವಾಗಿ ಸತ್ತ ಅಥವಾ ಕೊಲ್ಲಲ್ಪಟ್ಟ ಪ್ರಾಣಿಯನ್ನು ಕುರಿತದ್ದು. ಬದುಕಿರುವ ಜಿಂಕೆಯ ಕೊಂಬಿಗೆ ಅದು ಹೇಗೆ ತಗುಲುತ್ತದೆಂದು ವಕೀಲರು ವಾದಿಸಬಹುದು. ಆದರೆ ಆ ವಾದದಿಂದ ಹೆಚ್ಚು ಪ್ರಯೋಜನವಿಲ್ಲ. ಕಾಡಿನಿಂದ ಬಂದ ಕೊಂಬು ಮೂಳೆಗಳು ಅರಣ್ಯ ಕಾಯಿದೆಯ ಪ್ರಕಾರ ಸೌದೆ ಜೇನುಗಳಂತೆಯೇ ಅರಣ್ಯೋತ್ಪನ್ನಗಳು. ಅವುಗಳನ್ನೂ ಅಪ್ಪಣೆಯಿಲ್ಲದೆ ತರುವಂತಿಲ್ಲ. ನವಿಲುಗರಿಗೆ ದೊರೆತಂತಹ ವಿನಾಯಿತಿ ಕೊಂಬಿಗೆ ದೊರೆತಿಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತದ ಜಾಕ್ಸನ್ ಊರಿನ ಪಕ್ಕದಲ್ಲಿ ಎಲ್ಕ್ ಜಾತಿಯ ಜಿಂಕೆಗಳ ಸರ್ಕಾರಿ ಧಾಮವೊಂದಿದೆ. ಅಲ್ಲಿ ಪ್ರತಿ ವಸಂತದಲ್ಲಿಯೂ ಬಾಲಚರರು ಉದುರಿದ ಕೊಂಬುಗಳನ್ನು ಆಯ್ದು ಬಹಿರಂಗ ಹರಾಜು ಹಾಕುತ್ತಾರೆ. ಹಣದ ಬಹುಭಾಗ ಧಾಮಕ್ಕೇ ಸಲ್ಲುತ್ತದೆ. ಅಲ್ಲಿಯೂ ಬೇರೆಯವರು ಸುಮ್ಮನೆ ಹೋಗಿ ಎತ್ತಿಕೊಳ್ಳುವಂತಿಲ್ಲ.

ಉದುರಿದ ಕೊಂಬು ಕಾಡಿಗೆ ಕಸವೂ ಅಲ್ಲ. ಬ್ರಿಟನ್ನಿನ ಕರ್ರಿ ಎಂಬ ವಿಜ್ಞಾನಿ 1979ರಲ್ಲಿ ಕೆಂಪು ಜಿಂಕೆಯ ಕೊಂಬು, ಹಸುವಿನ ತೊಡೆಯ ಮೂಳೆ, ತಿಮಿಂಗಿಲದ ಕಿವಿಯ ಮೂಳೆ ಈ ಮೂರನ್ನು ಹೋಲಿಸಿ ನೋಡಿದನು. ಕೊಂಬಿನಲ್ಲಿ ಖನಿಜಾಂಶ ನೂರಕ್ಕೆ ಸುಮಾರು 59, ತೊಡೆಯ ಮೂಳೆಯಲ್ಲಿ 67, ಕಿವಿಯ ಮೂಳೆಯಲ್ಲಿ 86. ಖನಿಜ ಹೆಚ್ಚಿದಂತೆಲ್ಲ ಮೂಳೆ ಬಿರುಸಾಗುತ್ತದೆ, ಆದರೆ ಗಾಜಿನಂತೆ ಒಡೆಯುತ್ತದೆ. ಕೊಂಬನ್ನು ಮುರಿಯಲು ಬೇಕಾಗುವ ಶಕ್ತಿ ತೊಡೆಯ ಮೂಳೆಗೆ ಬೇಕಾದುದರ ಮೂರೂವರೆ ಪಟ್ಟು, ಕಿವಿಯ ಮೂಳೆಗೆ ಬೇಕಾದುದರ ಮೂವತ್ತು ಪಟ್ಟು! ಕಾದಾಡುವ ಆಯುಧ ಮುರಿಯಬಾರದು. ಕೇಳುವ ಮೂಳೆಗೆ ಆ ಚಿಂತೆಯಿಲ್ಲ. ಈ ಲೆಕ್ಕದಂತೆ 1 ಕಿಲೋಗ್ರಾಂ ಒಣಗೊಂಬಿನಲ್ಲಿ 590 ಗ್ರಾಂ ಖನಿಜವಿದ್ದು, ಅದರಲ್ಲಿ 200 ಗ್ರಾಮಿಗೂ ಮೀರಿ ಕ್ಯಾಲ್ಸಿಯಂ, ಸುಮಾರು 100 ಗ್ರಾಂ ರಂಜಕ ಇರುತ್ತವೆ. ಮುಳ್ಳುಹಂದಿಗಳೂ ಸಣ್ಣ ದಂಶಕಗಳೂ ಕೆಲವೊಮ್ಮೆ ಜಿಂಕೆಗಳೇ ಇದನ್ನು ಕಡಿದು ತಿನ್ನುತ್ತವೆ. ಕಾಡಿನಲ್ಲಿ ಬಿದ್ದ ಹಳೆಯ ಕೊಂಬುಗಳ ಮೇಲೆ ಉಳಿಯಿಂದ ಕೆತ್ತಿದಂತಹ ಜೋಡಿಗೆರೆಗಳನ್ನು ಕಂಡವರು ಅವು ಹಲ್ಲಿನ ಗುರುತುಗಳೆಂದು ತಿಳಿಯಬೇಕು.

ವಸ್ತುವಿನ ವಯಸ್ಸು

“ಇದು ನಮ್ಮ ತಾತನ ಕಾಲದ್ದು” ಎಂಬುದು ಇಂತಹ ಮೊಕದ್ದಮೆಗಳಲ್ಲಿ ಎಲ್ಲರೂ ಹೇಳುವ ಮಾತು. ಅದಕ್ಕೆ ಕಾಯಿದೆ ಅವಕಾಶವನ್ನೂ ಕೊಟ್ಟಿತ್ತು. ಕಾಯಿದೆ ಜಾರಿಗೆ ಬಂದಾಗ 30 ದಿನಗಳೊಳಗಾಗಿ ಘೋಷಿಸಿಕೊಳ್ಳಬೇಕೆಂದಿತ್ತು. 2003ರಲ್ಲಿ ಮತ್ತೊಮ್ಮೆ 180 ದಿನಗಳ ಅವಕಾಶ ದೊರೆಯಿತು. ಘೋಷಿಸಿಕೊಂಡವರು ಒಡೆತನದ ಪ್ರಮಾಣಪತ್ರವನ್ನು ಪಡೆಯಬಹುದಾಗಿತ್ತು. ಹಾಗೆ ಪಡೆದ ವಸ್ತುವನ್ನು ಮಾರುವಂತಿಲ್ಲ. ಮಕ್ಕಳಿಗೆ ಪಿತ್ರಾರ್ಜಿತವಾಗಿ ಮಾತ್ರ ಬರುತ್ತದೆ. ಹಳ್ಳಿಗಳಲ್ಲಿ ಈ ಸುದ್ದಿ ಎಷ್ಟು ಜನರಿಗೆ ತಲುಪಿತೋ! ನಮ್ಮ ವಿದ್ಯಾರ್ಥಿಯ ಮನೆಗಂತೂ ತಲುಪಿರಲಿಲ್ಲ.

ತಾತನ ಕಾಲದ್ದೇ ಅಲ್ಲವೇ ಎಂಬುದನ್ನು ಕಂಡುಹಿಡಿಯಲು ಭೌತವಿಜ್ಞಾನದಲ್ಲಿ ಒಂದು ಸೊಗಸಾದ ಉಪಾಯವಿದೆ. ವಾಯುಮಂಡಲದ ಇಂಗಾಲದ ಪರಮಾಣುಗಳಲ್ಲಿ ಲಕ್ಷ ಕೋಟಿಗೆ ಸುಮಾರು ಒಂದರಂತೆ ವಿಕಿರಣಶೀಲವಾದ ಇಂಗಾಲ-14 ಇರುತ್ತದೆ. ಗಿಡ ಅದನ್ನು ಹೀರುತ್ತದೆ. ಗಿಡವನ್ನು ಜಿಂಕೆ ತಿನ್ನುತ್ತದೆ. ಜಿಂಕೆಯ ಕೊಂಬಿನಲ್ಲಿ ಅದು ಸೇರಿಕೊಳ್ಳುತ್ತದೆ. ಇದರ ಅರ್ಧಾಯು 5,730 ವರ್ಷಗಳಾದುದರಿಂದ ಐವತ್ತು ವರ್ಷಗಳಲ್ಲಿ ನೂರರಲ್ಲಿ ಒಂದು ಪಾಲೂ ಕ್ಷಯಿಸುವುದಿಲ್ಲ. ಹಾಗಾದರೆ ಇಷ್ಟು ಚಿಕ್ಕ ಕಾಲವನ್ನು ಅಳೆಯುವುದೆಂತು? ಮನುಷ್ಯನ ಒಂದು ದುಡುಕು ಇಲ್ಲಿ ಸಹಾಯಕ್ಕೆ ಬಂದಿದೆ. 1950ರ ದಶಕದ ಮಧ್ಯದಿಂದ ಬಯಲಿನಲ್ಲಿ ಸಿಡಿಸಿದ ಪರಮಾಣು ಬಾಂಬುಗಳಿಂದ ವಾಯುಮಂಡಲದ ಇಂಗಾಲ-14 ಏರುತ್ತ ಹೋಗಿ, 1963ರಲ್ಲಿ ಅಮೆರಿಕ, ರಷ್ಯ, ಬ್ರಿಟನ್‌ಗಳು ಬಯಲಿನ ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದವನ್ನು ಮಾಡಿಕೊಳ್ಳುವ ವೇಳೆಗೆ ಉತ್ತರಾರ್ಧಗೋಳದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಆಮೇಲೆ ಸಮುದ್ರವೂ ಸಸ್ಯಗಳೂ ಅದನ್ನು ಹೀರಿಕೊಂಡಂತೆ ಮೆಲ್ಲಮೆಲ್ಲನೆ ಇಳಿಯಿತು. 1972ರ ಹೊತ್ತಿಗೆ ಅದು ಮೊದಲಿನ ಸುಮಾರು ಒಂದೂವರೆ ಪಟ್ಟು ಇತ್ತು. ಈಗ ಬಾಂಬುಗಳಿಗೆ ಹಿಂದಿನ ಮಟ್ಟಕ್ಕೇ ಬಂದು ಮುಟ್ಟಿದೆ.

ಆದುದರಿಂದ ಕೊಂಬಿನ ಒಂದು ಚೂರಿನ ಇಂಗಾಲ-14ನ್ನು ಅಳೆದರೆ ಅದು ಬೆಳೆದ ಇಸವಿ ಹೊರಬೀಳುತ್ತದೆ. ಆನೆಯ ದಂತದ ವಿಷಯದಲ್ಲಿ ಈ ಕ್ರಮವನ್ನು ವಿಜ್ಞಾನಿಗಳು ಬಳಸಿದ್ದಾರೆ. ಕೊಂಬು ಇದಕ್ಕೆ ಇನ್ನೂ ಅನುಕೂಲ: ದಂತದಂತೆ ಹತ್ತಾರು ವರ್ಷ ಬೆಳೆಯದೆ ಒಂದೇ ಋತುವಿನಲ್ಲಿ ಬೆಳೆದು ನಿಂತುಬಿಡುತ್ತದೆ. ಆದರೆ ಒಂದು ಇಕ್ಕಟ್ಟುಂಟು. ಬೆಟ್ಟವನ್ನು ಹತ್ತಿ ಇಳಿದವನು ಒಂದೇ ಎತ್ತರವನ್ನು ಎರಡು ಸಲ ದಾಟುತ್ತಾನಲ್ಲವೆ? ಮೊದಲಿನ ಮಟ್ಟಕ್ಕಿಂತ ನೂರಕ್ಕೆ 20 ಹೆಚ್ಚಿದ್ದರೆ ಅದು 1959ರ ಸುಮಾರಿನ ಏರಿನದೂ ಆಗಬಹುದು, 1980ರ ದಶಕದ ಮಧ್ಯದ ಇಳಿಜಾರಿನದೂ ಆಗಬಹುದು. ಒಂದು ಕಾಯಿದೆಗೆ ಹಿಂದಿನದು, ಇನ್ನೊಂದು ಮುಂದಿನದು! ಇಂದಿನ ಕೊಂಬೂ 1950ರ ಕೊಂಬೂ ಒಂದೇ ಉತ್ತರವನ್ನು ಕೊಡುವ ಕಾಲ ಈಗ ಬಂದಿರುವುದರಿಂದ ಈ ಗಡಿಯಾರ ಮುಂದೆ ಇನ್ನಷ್ಟು ಮಸಕಾಗುವುದು. ವಿದ್ಯಾರ್ಥಿಯ ಕೊಂಬನ್ನು ಹೀಗೆ ಪರೀಕ್ಷಿಸುವ ಗೋಜಿಗೆ ನಾವು ಹೋಗಲಿಲ್ಲ. ಅದಕ್ಕೆ ಬೇಕಾದ ವೇಗವರ್ಧಕ ಯಂತ್ರ ದೆಹಲಿ, ಅಹಮದಾಬಾದುಗಳಂತಹ ಕಡೆಗಳಲ್ಲುಂಟು, ನಮ್ಮ ಕಾಲೇಜಿನಲ್ಲಿಲ್ಲ.

ನಾಯಿಯೋ ನರಿಯೋ?

ಇನ್ನು ಬುರುಡೆಯ ವಿಚಾರ. ಇದು ನಾಯಿಯದಾಗಿದ್ದರೆ ಯಾವ ಕಾಯಿದೆಯೂ ಇಲ್ಲ, ನಾಯಿ ಕಾಡುಪ್ರಾಣಿಯಲ್ಲ. ನರಿ ಅಥವಾ ತೋಳದ್ದಾಗಿದ್ದರೆ 48 ಗಂಟೆಗಳ ಲೆಕ್ಕ. ಅಳೆದು ನೋಡಿದೆವು: ಉದ್ದ 158 ಮಿಲಿಮೀಟರು. ಬೆಳೆದ ತೋಳದ ಬುರುಡೆ 20 ಸೆಂಟಿಮೀಟರಿಗೂ ಮೀರುವುದರಿಂದ, ಹಲ್ಲುಗಳೆಲ್ಲ ಬಲಿತಿದ್ದ ಇದು ತೋಳವಲ್ಲ. ಊರನಾಯಿಯೋ ನರಿಯೋ ಉಳಿಯಿತು. ಇಲ್ಲಿ ಕೋನಮಾಪಕ ಕೆಲಸಕ್ಕೆ ಬಂದಿತು. ಕಣ್ಣುಗೂಡಿನ ಮೇಲಂಚನ್ನೂ ಕೆಳಂಚನ್ನೂ ಸೇರಿಸುವ ಗೆರೆ, ನೆತ್ತಿಗೆ ಅಡ್ಡಲಾಗಿ ಎಳೆದ ಗೆರೆಯೊಡನೆ ಮಾಡುವ ಕೋನವು ತೋಳಗಳಲ್ಲಿ 40ರಿಂದ 45 ಡಿಗ್ರಿ, ನಾಯಿಗಳಲ್ಲಿ 53ರಿಂದ 60 ಡಿಗ್ರಿ ಎಂದು ಪುಸ್ತಕಗಳಲ್ಲಿದೆ. ಮನುಷ್ಯನ ಮನೆ ಸೇರಿದ ಮೇಲೆ ನಾಯಿಯ ಹಣೆ ಉಬ್ಬಿ ಕಣ್ಣುಗಳು ಮುಂದಕ್ಕೆ ತಿರುಗಿದುದರ ಫಲ ಇದು. ನರಿಯ ಹಣೆಯೂ ತೋಳದಂತೆ ಚಪ್ಪಟೆ. ಮೂರು ಸಲ ಅಳೆದೆವು: 46, 49, 45. ಪ್ರಯೋಗದ ದೋಷವನ್ನು ಲೆಕ್ಕಕ್ಕೆ ಹಿಡಿದರೂ ನರಿಯ ಕಡೆಗೇ ತಕ್ಕಡಿ ವಾಲಿತು. ಏಳೆಂಟು ಡಿಗ್ರಿಗಳ ಅಂತರದ ಮೇಲೆ ಒಬ್ಬ ಹುಡುಗನ ಕ್ಷೇಮ ನಿಂತಿದೆಯೆಂಬುದು ನಮಗೆ ಆ ಗಳಿಗೆಯಲ್ಲಿ ಅಷ್ಟೇನೂ ಹಿತವಾಗಿ ತೋರಲಿಲ್ಲ. ನಿಶ್ಚಯವಾಗಿ ಹೇಳಬೇಕಾದರೆ ಹಲ್ಲಿನಿಂದ ತೆಗೆದ ವಂಶತಂತುವನ್ನು ದೆಹರಾದೂನಿನಲ್ಲೋ ಹೈದರಾಬಾದಿನಲ್ಲೋ ಇರುವ ವನ್ಯಜೀವಿ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಬೇಕು.

ನರಿಯ ಮಾತು ಬಂದುದರಿಂದ ಒಂದು ಮಾತು. ಸಂತೆ ಜಾತ್ರೆಗಳಲ್ಲಿ ‘ನರಿಕೊಂಬು’ ಎಂದು ಕೂದಲಿನ ನಡುವೆ ಚೂಪಾದ ಗಂಟೊಂದನ್ನು ತೋರಿಸಿ ಅದೃಷ್ಟ ತರುವ ವಸ್ತುವೆಂದು ಮಾರುವವರಿದ್ದಾರೆ. ನರಿಗೆ ಕೊಂಬಿಲ್ಲ. ನಮ್ಮ ಮುಂದಿದ್ದ ಬುರುಡೆಯ ನೆತ್ತಿಯ ಮೇಲೆ ಬೆರಳಾಡಿಸಿ ನೋಡಿದೆವು. ಕೊಂಬು ಮೊಳೆಯುವ ಗುರುತೂ ಇಲ್ಲ. ಇಲ್ಲದ ಕೊಂಬಿಗಾಗಿ ಇರುವ ನರಿ ಸಾಯುತ್ತದೆ. ಕೊಂಡವನು ಮೋಸವೂ ಹೋಗಿ ಅಪರಾಧಿಯೂ ಆಗುತ್ತಾನೆ.

ಮಂಗಳವಾರ ಬೆಳಗ್ಗೆ ವಿದ್ಯಾರ್ಥಿಯೊಡನೆ ಅವನ ಊರಿಗೆ ಹೋದೆವು. ಕೊಂಬನ್ನು ಒಪ್ಪಿಸಬೇಕೆಂದರೆ ಮನೆಯ ಹಿರಿಯರ ಒಪ್ಪಿಗೆ ಬೇಡವೆ? ಅಜ್ಜಿ ನಮ್ಮ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, “ಅದೇನ್ ಮೇಷ್ಟ್ರೆ, ಬಟ್ಟೆ ನೇತಾಕೋ ಗೂಟುಕ್ಕೂ ಕಾನೂನಾ?” ಎಂದರು. ಆ ವರ್ಷದ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಇಂತಹ ವಸ್ತುಗಳನ್ನು ಇಟ್ಟುಕೊಂಡವರಿಗೆ, ಒಪ್ಪಿಸಿದರೆ ತೊಂದರೆಯಿಲ್ಲವೆಂದು, ಮೂರು ತಿಂಗಳ ಅವಕಾಶವನ್ನು ಸಾರಿತ್ತು. ಅದಕ್ಕೆ ಮುಂಚೆ 2023ರ ಅಕ್ಟೋಬರಿನಲ್ಲಿ ದೂರದರ್ಶನದ ಸ್ಪರ್ಧಾಳುವೊಬ್ಬರು ಹುಲಿಯುಗುರಿನ ಪದಕವನ್ನು ಧರಿಸಿದ್ದರೆಂದು ಬಂಧಿತರಾದುದೂ, ಆಮೇಲೆ ನಾಡಿನ ಎಷ್ಟೋ ಮನೆಗಳಲ್ಲಿ ಶೋಧನೆ ನಡೆದುದೂ ಊರಿನವರಿಗೆಲ್ಲ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು, ಆದರೆ ಹುಲಿಯುಗುರಿಗೂ ತಮ್ಮ ಗೂಟಕ್ಕೂ ಅವರು ಗಂಟುಹಾಕಿರಲಿಲ್ಲ. “ಅವರು ತಂದಾಕಿದ್ದು. ಅವರೇ ಓದ್ರು” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹುಡುಗನ್ ಮ್ಯಾಲೆ ಏನೂ ಬರ್ದಂಗೆ ನೋಡ್ಕಳಿ” ಎಂದರು. ಕೊಂಬಿನ ಬುಡದ ಗರಗಸದ ಗುರುತನ್ನು ಕುರಿತು ಮೊಮ್ಮಗನೂ ಹೇಳಲಿಲ್ಲ, ನಾವೂ ಹೇಳಲಿಲ್ಲ.

ಅರಣ್ಯಾಧಿಕಾರಿಗಳು ಕೇಳಿದ ಮೊದಲನೆಯ ಪ್ರಶ್ನೆ, ಬುರುಡೆ ಧಾಮದ ಗಡಿಕಲ್ಲಿನ ಒಳಗೆ ಸಿಕ್ಕಿತೋ ಹೊರಗೋ ಎಂಬುದು. ಎರಡನೆಯದು, ಯಾವಾಗ ಎಂಬುದು. ಪತ್ತೆಯಾದ ವಸ್ತುವನ್ನು ಎತ್ತದೆ, ಇದ್ದಲ್ಲಿಯೇ ಬಿಟ್ಟು, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು ಛಾಯಾಚಿತ್ರ ತೆಗೆದು, ಜಾಗವನ್ನು ಗುರುತುಹಾಕಿಕೊಂಡು ಬಂದು ತಿಳಿಸಿದ್ದರೆ ತಮ್ಮ ಕೆಲಸವೂ ಹುಡುಗನ ಕೆಲಸವೂ ಹಗುರವಾಗುತ್ತಿತ್ತೆಂದು ಅವರು ಹೇಳಿದರು. ವಿಷಪ್ರಾಶನದಿಂದಲೋ ಉರುಳಿನಿಂದಲೋ ಪ್ರಾಣಿ ಸತ್ತಿದ್ದರೆ ಅದರ ಸುಳಿವು ಬುರುಡೆಯಲ್ಲಿರುವುದಕ್ಕಿಂತ ಸುತ್ತಣ ನೆಲದಲ್ಲಿ ಹೆಚ್ಚಾಗಿರುತ್ತದೆ. ಎತ್ತಿದ ಕೈ ಆ ಸುಳಿವನ್ನೆಲ್ಲ ಕಲಕಿಬಿಡುತ್ತದೆ. ಒಪ್ಪಿಸಿದ ವಸ್ತುಗಳು ಏನಾಗುತ್ತವೆಂದು ವಿದ್ಯಾರ್ಥಿ ಕೇಳಿದನು. ಕೆಲವು ಪಾಠಕ್ಕೆ, ಸಂಶೋಧನೆಗೆ ಉಳಿಯುತ್ತವೆ, ಉಳಿದವನ್ನು ನಾಶಪಡಿಸುತ್ತಾರೆ. ಅಸ್ಸಾಮಿನಲ್ಲಿ 2021ರ ಸೆಪ್ಟೆಂಬರ್ 22ರಂದು ಸರ್ಕಾರದ ಖಜಾನೆಗಳಲ್ಲಿದ್ದ 2,479 ಘೇಂಡಾಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟರು.

ವರದಿಯನ್ನು ಬರವಣಿಗೆಯಲ್ಲಿ ಕೊಡಬೇಕೆಂದಾಗ ವಿದ್ಯಾರ್ಥಿ ತನ್ನ ಪ್ರಯೋಗದ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ಬರೆಯತೊಡಗಿದನು. ದಿನಾಂಕ, ವೇಳೆ, ಸರ್ವೆ ನಂಬರು, ಬದುವಿನಿಂದ ಗಡಿಕಲ್ಲಿಗೆ ಹೆಜ್ಜೆಗಳ ಲೆಕ್ಕ. ಬುರುಡೆಯ ಉದ್ದ 158 ಮಿಲಿಮೀಟರು. ಕೋನದ ಮೂರು ಅಳತೆಗಳು ಮತ್ತು ಅವುಗಳ ಸರಾಸರಿ. ಕೊಂಬಿನ ತೂಕ, ನೀರಿನಲ್ಲಿ ತೂಕ, ಸಾಂದ್ರತೆ 1.6, ಹತ್ತು ನಿಮಿಷಗಳ ಅನಂತರ 1.69. ಅಧಿಕಾರಿಗಳು ಕೊನೆಯ ಸಾಲಿನ ಮೇಲೆ ಪೆನ್ನನ್ನಿಟ್ಟು, “ಇದು ಬೇಕೇನಪ್ಪ?” ಎಂದರು. ಹುಡುಗನು ನಮ್ಮ ಕಡೆಗೆ ನೋಡಿದನು. ಬಳಿಕ, “ಇರಲಿ ಸಾರ್, ಅಳೆದಿದ್ದೇವೆ” ಎಂದನು. ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ ಅವರು ಅದರ ಮೇಲೆ ಮೊಹರು ಒತ್ತಿ ಒಂದು ನಕಲನ್ನು ಅವನ ಕೈಗೆ ಕೊಟ್ಟರು.